ಅರ್ಧ ಮಾತ್ರೆಯ ಬಿಕ್ಕು

ನಡುವಪಟ್ಟಿ
20-11-1988

ಅಣ್ಣ ಸುಡಲೈಮುತ್ತುವಿಗೆ ತಂಗಿ ಪೇಚಿ ಬರೆಯೋದು.

ನಾವು ಇದ್ದೀವಿ. ಚೆನ್ನಾಗಿದೀವಿ ಅಂತ ಬರೆಯೋಕೆ ಕೈ ಬರಲ್ಲ, ಅದಕ್ಕೆ ಇದ್ದೀವಿ ಅಂತ ಬರೆದೆ. ಮಗಳು ಇಸಕ್ಕಿ ಹೋಗಿ ಎಂಟು ತಿಂಗಳಾಯ್ತು. ನಾನು ಮತ್ತೆ ಬೆಂಕಿಪೊಟ್ಟಣದ ಕಂಪನಿಗೆ ಹೋಗ್ತಿದೀನಿ, ಚೀಟಿ ಅಂಟಿಸೋ ಕೆಲಸ. ಮನೇಲಿದ್ರೆ ಗೋಡೆ ನೋಡ್ಕೊಂಡು ಕೂತಿರ್ತೀನಿ, ನಿನ್ನ ಭಾವನೇ ಬೈದು ಕಳಿಸಿದ್ರು.

ಒಂದು ವಿಷಯ ಕೇಳಬೇಕು. ಹೋದ ಶುಕ್ರವಾರ ಚೆಲ್ಲತ್ತಾಯಿ ಮಗಳು ಮೈನೆರೆದಳು ಅಂತ ಶಾಸ್ತ್ರ ಇತ್ತು. ಬೇವಿನ ಮರಕ್ಕೆ ಮೈಕು ಕಟ್ಟಿದ್ರು. ನಾನು ಹಿತ್ತಲಲ್ಲಿ ಈರುಳ್ಳಿ ಸುಲೀತಾ ಕೂತಿದ್ದೆ. ನಿಮ್ಮ ನೀಲಮೇಘಂ ಸಾರ್ ಸಂಗೀತ ಕೊಟ್ಟಿರೋ ಹೊಸ ಪಿಕ್ಚರಿನ ಹಾಡು ಬಂತು, ಆ ಬಿಕ್ಕಳಿಕೆ ಹಾಡು. "ಏ ಪೇಚಿ, ನಿಮ್ಮಣ್ಣನ ಪಿಕ್ಚರು ಕಣೇ" ಅಂತ ಹೆಂಗಸರೆಲ್ಲ ನನ್ನ ತಿವಿದ್ರು. ನನಗೂ ಹೆಮ್ಮೆ ಆಯ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಎರಡನೇ ಸಾಲು ಬರೋ ಹೊತ್ತಿಗೆ ಕೈಯಲ್ಲಿದ್ದ ಚಾಕು ನಿಂತೋಯ್ತು.

ಅಣ್ಣ, ಅದು ಇಸಕ್ಕಿ ಸತ್ತ ದಿನ ನಾನು ಅವಳ ಮುಂದೆ ಕೂತು ಹಾಡಿಕೊಂಡು ಅತ್ತ ಒಪ್ಪಾರಿ. ಪದ ಬೇರೆ. ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡ್ತಾ ಇದೆ. ಆದ್ರೂ ಅದೇ. ನನಗೇ ಹುಚ್ಚು ಹಿಡೀತೇನೋ ಅಂದ್ಕೊಂಡೆ. ಅಷ್ಟರಲ್ಲಿ ಆ ನಿಲ್ಲೋ ಜಾಗ ಬಂತು. ಆ ಜಾಗ ನಿನಗೆ ಗೊತ್ತು. ಅವತ್ತು ನೀನು ಬಾಗಿಲ ಕಂಬಕ್ಕೆ ಒರಗಿ ಕೂತಿದ್ದೆ.

ಇದು ನಿಮ್ಮ ಸಾರ್‌ಗೆ ಹೇಗೆ ಸಿಕ್ತು? ನಮ್ಮ ಕಡೆಯವರು ಯಾರಾದ್ರೂ ಅವರ ಹತ್ರ ಹೋಗಿದ್ರಾ? ಜಗಳ ಬೇಡ, ಸುಮ್ಮನೆ ಕೇಳಿ ನೋಡು.

ಅತ್ತಿಗೆಯನ್ನ ಕೇಳಿದೆ ಅಂತ ಹೇಳು.

ಹೀಗೆ ಕೇಳುವ,
ಪೇಚಿ


ವಡಪಳನಿ, ಮದ್ರಾಸು
6-12-1988

ಪ್ರೀತಿಯ ತಂಗಿ ಪೇಚಿಗೆ,

ನಿನ್ನ ಕಾಗದ ಬಂದು ಹತ್ತು ದಿನ ಆಯ್ತು. ರೆಕಾರ್ಡಿಂಗ್ ಮೇಲೆ ರೆಕಾರ್ಡಿಂಗ್, ಕೂತು ಬರೆಯೋಕೆ ಆಗಲಿಲ್ಲ. ಇಪ್ಪತ್ತೆರಡು ವಯೊಲಿನ್‌ನವರಿಗೂ ಬೇರೆ ಬೇರೆ ಹಾಳೆ ನಾನೇ ಬರೆದು ಕೊಡಬೇಕು. ಒಂದು ಸ್ವರ ತಪ್ಪಿದ್ರೂ ಸಾರ್ ಎಲ್ಲರ ಮುಂದೆ ನನ್ನ ಮಾನ ತೆಗೀತಾರೆ.

ನೀನು ಕೇಳಿದ್ದಕ್ಕೆ ಹೇಳ್ತೀನಿ, ಕೋಪ ಮಾಡ್ಕೋಬೇಡ. ಸ್ವರ ಇರೋದೇ ಏಳು. ಅದನ್ನೇ ಹಿಂದೆ ಮುಂದೆ ಮಾಡಿ ಎಲ್ಲರೂ ಹಾಡು ಕಟ್ಟೋದು. ಒಂದು ಹಾಡು ಇನ್ನೊಂದರ ಹಾಗೆ ಕೇಳಿಸದೆ ಇರುತ್ತಾ? ಇಲ್ಲಿ ಡೈರೆಕ್ಟರುಗಳು ಬರೋವಾಗಲೇ ಜೇಬಲ್ಲಿ ಫಾರಿನ್ ಕ್ಯಾಸೆಟ್ ಇಟ್ಕೊಂಡು ಬರ್ತಾರೆ, ಇದರ ಹಾಗೇ ಇರಬೇಕು ಸಾರ್, ಆದ್ರೆ ಇದೇ ಅಂತ ಗೊತ್ತಾಗಬಾರದು ಅಂತಾರೆ. ಸಾರ್ ಅದಕ್ಕೆ ನಾದಸ್ವರ ಹಾಕಿ, ತಾಳ ತಿರುಗಿಸಿ, ನಮ್ಮದು ಮಾಡಿ ಕೊಡ್ತಾರೆ. ಅದೂ ಒಂದು ವಿದ್ಯೇನೇ.

ಅದೂ ಅಲ್ದೆ, ನಿನ್ನ ಒಪ್ಪಾರಿ ನಿನಗೆ ಎಲ್ಲಿಂದ ಬಂತು ಹೇಳು? ಅಮ್ಮ ಹಾಡ್ತಿದ್ದಿದ್ದು. ಅಮ್ಮನಿಗೆ ಅಜ್ಜಿಯಿಂದ. ಅಜ್ಜಿಗೆ ಇನ್ಯಾರದೋ ಸಾವಿನ ಮನೆಯಿಂದ. ದುಃಖದಲ್ಲಿರೋರಿಗೆ ಎಲ್ಲದರಲ್ಲೂ ಅದೇ ಕೇಳಿಸುತ್ತೆ ಕಣೇ. ಮನಸ್ಸಿಗೆ ಹಚ್ಕೋಬೇಡ.

ನಿನ್ನ ಅತ್ತಿಗೆ ಒಂದು ಸೀರೆ ತೆಗೆದಿಟ್ಟಿದ್ದಾಳೆ, ಊರಿನ ಕಡೆ ಬರೋರ ಕೈಲಿ ಕಳಿಸ್ತೀನಿ.

ನಿನ್ನ ಅಣ್ಣ,
ಮುತ್ತು


ನಡುವಪಟ್ಟಿ
19-12-1988

ಅಣ್ಣನಿಗೆ,

ನೀನು ಬರೆದಿದ್ದನ್ನು ನಾಲ್ಕು ಸಲ ಓದಿದೆ. ನೀನು ಹೇಳೋದು ಸರಿ. ಮೊದಲ ಎರಡು ಸಾಲು ಅಮ್ಮನದೇ. ಅಮ್ಮನದೂ ಅಲ್ಲ, ಊರಿಂದು. ನಮ್ಮೂರಲ್ಲಿ ಯಾವ ಹೆಂಗಸು ಸಾವಿನ ಮುಂದೆ ಕೂತರೂ ಅಲ್ಲಿಂದಲೇ ಶುರು ಮಾಡೋದು. ಅದನ್ನ ನಿಮ್ಮ ಸಾರ್ ಹೊತ್ಕೊಂಡು ಹೋಗಲಿ, ನನಗೇನೂ ಇಲ್ಲ.

ಮೂರನೇ ಸಾಲು ಕೇಳು. ಅಲ್ಲಿ ನಾನು ಅವಳ ಹೆಸರು ಹಿಡಿದು ಕೂಗಿದೆ. "ಇಸ" ಅಂದೆ, ಅಷ್ಟರಲ್ಲಿ ಉಸಿರು ಕಟ್ಟಿತು. ಎದೆಯಲ್ಲಿ ಏನೋ ಮುರಿದಂಗೆ ಬಿಕ್ಕು ಬಂತು. ಆಮೇಲೆ ಎಲ್ಲೋ ಕೆಳಗಿನಿಂದ "ಕ್ಕೀ" ಅಂತ ಬಂತು. ಮುಂದಿನ ಸುತ್ತಿನಲ್ಲೂ ಅಲ್ಲೇ ಕಟ್ಟಿತು, ಅದರ ಮುಂದಿನ ಸುತ್ತಿನಲ್ಲೂ. ಅದು ರಾಗ ಅಲ್ಲಣ್ಣ. ಉಸಿರು ಹೋಗಿದ್ದು. ಅದು ಅಮ್ಮನದೂ ಅಲ್ಲ, ಅಜ್ಜಿದೂ ಅಲ್ಲ.

ನಿಮ್ಮ ಹಾಡಲ್ಲಿ ಆ ಹುಡುಗಿ ಸರಿಯಾಗಿ ಅಲ್ಲೇ ಬಿಕ್ಕಳಿಸ್ತಾಳೆ. "ಬಿಕ್ಕಳಿಕೆ ಯಾಕೆ ಬಂತೇ, ಯಾರು ನೆನೆಸಿಕೊಂಡರೇ" ಅಂತ ಹಿಂದೆ ಗಂಡು ಧ್ವನಿ ರೇಗಿಸುತ್ತೆ. ನಮ್ಮ ಕಂಪನಿ ಹುಡುಗಿಯರು ಕಡ್ಡಿ ಜೋಡಿಸ್ತಾ ಬೆಳಿಗ್ಗೆಯಿಂದ ಸಂಜೆವರೆಗೂ ಅದೇ. ಒಬ್ಬಳು ಹಾಡ್ತಾಳೆ, ಆ ಜಾಗಕ್ಕೆ ಬಂದಾಗ ನಲವತ್ತು ಜನ ಒಟ್ಟಿಗೆ ಬಿಕ್ಕಳಿಸಿ ಬಿದ್ದು ಬಿದ್ದು ನಗ್ತಾರೆ. ಮಕ್ಕಳು, ಅವರ ತಪ್ಪೇನು.

ನನ್ನ ಕಷ್ಟ ಇಷ್ಟೇ. ಪಂಗುನಿಯಲ್ಲಿ, ಮಾರ್ಚ್ 28ಕ್ಕೆ, ಇಸಕ್ಕಿಗೆ ವರ್ಷ ತುಂಬುತ್ತೆ. ಊರ ಹೆಂಗಸರೆಲ್ಲ ಬಂದು ಕೂರ್ತಾರೆ. ನಾನು ಶುರು ಮಾಡಬೇಕು. ನಾನು ಶುರು ಮಾಡಿದ್ರೆ ಅವರು ಅಳ್ತಾರೋ, ಸೆರಗು ಬಾಯಿಗೆ ಅಡ್ಡ ಹಿಡಿದು ನಗ್ತಾರೋ? ನನ್ನ ಮಗಳ ಮುಂದೆ ಒಬ್ಬರು ನಕ್ಕರೂ ನಾನು ಬದುಕಲ್ಲ.

ನಿಮ್ಮ ಸಾರ್ ಪೇಪರಿನವರ ಹತ್ರ ಮಾತಾಡ್ತಾನೇ ಇರ್ತಾರಲ್ಲ. ಇದು ಒಂದು ಮಗು ಸತ್ತಾಗ ಅದರ ತಾಯಿ ಅತ್ತಿದ್ದು ಅಂತ ಒಂದು ಮಾತು ಹೇಳಿಸು. ನಮ್ಮೂರಲ್ಲಿ ಅದನ್ನ ಓದಿ ಹೇಳಿದ್ರೆ ಯಾರೂ ನಗಲ್ಲ. ನನಗೆ ಬೇರೇನೂ ಬೇಡ. ಸೀರೆಯೂ ಬೇಡ, ಅತ್ತಿಗೆಯೇ ಉಟ್ಕೊಳ್ಳಲಿ.

ಕಾಯ್ತಿರುವ,
ಪೇಚಿ


ವಡಪಳನಿ
12-1-1989

ಪ್ರೀತಿಯ ಪೇಚಿಗೆ,

ಪೊಂಗಲ್ ಹತ್ರ ಬಂತು. ಈ ವರ್ಷ ನಿಮಗೆ ಹಬ್ಬ ಇಲ್ಲ, ಗೊತ್ತು. ಆದ್ರೂ ಭಾವನಿಗೆ ನಮಸ್ಕಾರ ಹೇಳು.

ಈಗ ಇಲ್ಲಿ ಸಮಯ ಸರಿಯಿಲ್ಲ. ಒಂದು ವಾರಪತ್ರಿಕೆಯವರು ಬಿಕ್ಕಳಿಕೆ ಹಾಡನ್ನ ಸಾರ್ ಯಾವುದೋ ಬ್ರೆಜಿಲ್ ದೇಶದ ರೆಕಾರ್ಡಿನಿಂದ ಕದ್ದಿದ್ದಾರೆ ಅಂತ ಬರೆದುಬಿಟ್ಟರು. ಸಾರ್ ಬೆಂಕಿ ಆಗಿದ್ದಾರೆ. ತಮಾಷೆ ನೋಡು, ಅವರು ಹೊರಗಿನಿಂದ ಎತ್ತಿದ ಹದಿನೈದು ಹಾಡು ನನಗೇ ಗೊತ್ತು, ಆಗೆಲ್ಲ ಎಲ್ಲರೂ ಆಹಾ ಅಂದ್ರು. ಇದೊಂದನ್ನ ಅವರು ಹೊರಗಿನಿಂದ ತಂದಿಲ್ಲ, ಇದಕ್ಕೇ ಕಳ್ಳ ಅನ್ನಿಸ್ಕೊಂಡ್ರು. "ನನ್ನ ಹೆಂಡತಿ ಕೂಡ ಅನುಮಾನದಿಂದ ನೋಡ್ತಾಳೆ ಕಣೋ ಮುತ್ತು" ಅಂತ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ರು. ಹದಿನಾಲ್ಕು ವರ್ಷದಲ್ಲಿ ಅವರು ನನ್ನ ಮುಟ್ಟಿ ಮಾತಾಡಿದ್ದು ಅದೇ ಮೊದಲು.

ಪತ್ರಿಕೆಯವರು ನನ್ನನ್ನೂ ಕೇಳಿದ್ರು. ಹಾಡು ಕಟ್ಟೋವಾಗ ಜೊತೆಯಲ್ಲಿದ್ದವನು ನಾನೊಬ್ಬನೇ ಅಲ್ವಾ. ಸಾರ್ ಪರವಾಗಿ ಏನು ಹೇಳಬೇಕೋ ಅಷ್ಟು ಹೇಳಿದೀನಿ. ಅಂಥದ್ದೆಲ್ಲ ನಿಮ್ಮೂರಿಗೆ ಬರಲ್ಲ, ಬಂದ್ರೂ ನೀನು ಓದಬೇಡ.

ಈ ಗಲಾಟೆ ತಣ್ಣಗಾಗಲಿ. ಆಮೇಲೆ ನಿನ್ನ ವಿಷಯ ಎತ್ತಿ ನೋಡ್ತೀನಿ.

ನಿನ್ನ ಅಣ್ಣ,
ಮುತ್ತು


ನಡುವಪಟ್ಟಿ
3-2-1989

ಅಣ್ಣನಿಗೆ,

ನಿನ್ನ ಭಾವ ಸಾತ್ತೂರಿನಿಂದ ಖಾರಸೇವು ತಂದರು. ಕಟ್ಟಿದ್ದ ಕಾಗದದಲ್ಲಿ ನಿನ್ನ ಫೋಟೋ ಇತ್ತು. ದಪ್ಪ ಆಗಿದೀಯ. ಎಣ್ಣೆ ಹತ್ತಿ ಅರ್ಧ ಅಕ್ಷರ ಹೋಗಿತ್ತು, ಉಳಿದ ಅರ್ಧ ಓದಿದೆ.

"ಆ ರಾಗ ಸಾರ್ ಬಾಯಲ್ಲಿ ಹುಟ್ಟಿದ್ದನ್ನ ನಾನು ಕಣ್ಣಾರೆ ಕಂಡೆ" ಅಂತ ಹೇಳಿದೀಯ. ಇಸಕ್ಕಿ ಹುಟ್ಟಿದ್ದನ್ನ ನಾನೂ ಕಣ್ಣಾರೆ ಕಂಡೆ. ಎರಡು ದಿನ ನೋವು ತಿಂದೆ. ನಿಮ್ಮ ಸಾರ್‌ಗೆ ನೋವು ಬಂದಿತ್ತಾ ಅಣ್ಣ?

ಇಸಕ್ಕಿಯ ತಾಯಿ,
ಪೇಚಿಯಮ್ಮಾಳ್


ವಡಪಳನಿ
9-2-1989

ಪೇಚಿ,

ಬೈಯೋದಾದ್ರೆ ಬೈದು ಬರಿ. ಅಣ್ಣ ಅನ್ನೋದೂ ಬೇಡ, ಬರಿ ಅಷ್ಟೇ.

ಮುತ್ತು


ವಡಪಳನಿ
21-2-1989

ಪೇಚಿ,

ನಿನ್ನಿಂದ ಕಾಗದ ಇಲ್ಲ. ಹನ್ನೆರಡು ದಿನದಿಂದ ಪೋಸ್ಟ್‌ಮ್ಯಾನ್ ಸೈಕಲ್ ಗಂಟೆ ಕೇಳಿಸಿದ್ರೆ ಎದ್ದು ಹೊರಗೆ ಹೋಗ್ತೀನಿ. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ, ಹೇಳಿಬಿಡ್ತೀನಿ.

ನಮ್ಮ ಕಡೆಯವರು ಯಾರೂ ಸಾರ್ ಹತ್ರ ಬರಲಿಲ್ಲ. ಕೊಟ್ಟವನು ನಾನು.

ಹೋದ ಜೂನಲ್ಲಿ ಹಾಡು ಕಟ್ಟೋಕೆ ಅಂತ ಒಂದು ಲಾಡ್ಜಿನಲ್ಲಿ ರೂಮು ಹಾಕಿದ್ರು. ಮೂರು ದಿನ ಆದ್ರೂ ಸಾರ್‌ಗೆ ಏನೂ ಹೊಳೀಲಿಲ್ಲ. ಡೈರೆಕ್ಟರು ತಂದ ಕ್ಯಾಸೆಟ್ ಹಾಕೋರು, ಕೇಳೋರು, ಥೂ ಅಂತ ಆರಿಸೋರು. ನಾಲ್ಕನೇ ದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋಗಿದ್ರು. ನಾನು ಹಾಳೆಗೆ ಗೆರೆ ಹಾಕ್ತಾ ಕೂತಿದ್ದೆ. ಗೆರೆ ಹಾಕೋವಾಗ ಏನಾದ್ರೂ ಗುನುಗೋದು ನನ್ನ ಅಭ್ಯಾಸ, ನಿನಗೆ ಗೊತ್ತಲ್ಲ. ಏನು ಗುನುಗ್ತಿದೀನಿ ಅಂತ ನನಗೇ ಗೊತ್ತಿರಲಿಲ್ಲ. ಇಸಕ್ಕಿ ಮೇಲಾಣೆ, ಗೊತ್ತಿರಲಿಲ್ಲ. ಸಾರ್ ತಲೆ ಒರೆಸ್ಕೊಳ್ತಾ ಬಂದು ನಿಂತ್ರು.

"ಏನೋ ಅದು?"

"ಏನಿಲ್ಲ ಸಾರ್, ನಮ್ಮೂರ ಕಡೇದು."

"ಯಾರದು?"

"ಯಾರದೂ ಅಲ್ಲ ಸಾರ್."

ಅಷ್ಟೇ ಪೇಚಿ. ಯಾರದೂ ಅಲ್ಲ ಅಂದುಬಿಟ್ಟೆ. ಇಲ್ಲಿ ಎಲ್ಲರೂ ಹೇಳೋ ಮಾತು ಅದು. ಹಳ್ಳಿ ಹಾಡು ಅಂದ್ರೆ ಯಾರದೂ ಅಲ್ಲ, ಕೆರೆ ನೀರಿನ ಹಾಗೆ. ಬಾಯಿ ತಾನೇ ಹೇಳಿತು.

ಸಾರ್ ಹಾರ್ಮೋನಿಯಂ ಎಳ್ಕೊಂಡು ಕೂತ್ರು. ಕಾಲ ಏರಿಸಿ ಓಡಿಸಿದ್ರು. ಮೂರನೇ ಸಾಲಿಗೆ ಬಂದಾಗ ನಾನು ನಿಲ್ಲಿಸಿದೆ. "ಇಲ್ಲಿ ಯಾಕೋ ನಿಲ್ಲಿಸ್ತೀಯ?" ಅಂದ್ರು. "ಅಲ್ಲಿ ಹಾಗೇ ಸಾರ್" ಅಂದೆ. "ಚೆನ್ನಾಗಿದೆ, ಇರಲಿ, ಬರ್ಕೋ" ಅಂದ್ರು.

ಆವಾಗ ನನಗೆ ಗೊತ್ತಾಯ್ತು. ಗುನುಗೋವಾಗ ಗೊತ್ತಿರಲಿಲ್ಲ, ಬರೆಯೋವಾಗ ಗೊತ್ತಾಯ್ತು. ಕಣ್ಣ ಮುಂದೆ ನೀನು ಬಂದೆ, ಕೆದರಿದ ಕೂದಲು, ಮಗುವಿನ ಪಾದ ಹಿಡ್ಕೊಂಡಿದ್ದೆ. ಪೆನ್ನು ನಿಂತಿತು. ಸಾರ್ "ಏನಾಯ್ತೋ" ಅಂದ್ರು. ನಾನು ಅಲ್ಲಿ ಅರ್ಧ ಮಾತ್ರೆ ವಿರಾಮ ಅಂತ ಗುರುತು ಹಾಕಿದೆ. ಹದಿನಾಲ್ಕು ವರ್ಷದಿಂದ ಇನ್ನೊಬ್ಬರ ಬಾಯಲ್ಲಿ ಬಂದಿದ್ದನ್ನ ಬರೆದಿದೀನಿ, ಒಂದು ಸಲ ನಾನು ಕೊಟ್ಟಿದ್ದಕ್ಕೆ ಅವರು ಚೆನ್ನಾಗಿದೆ ಅಂದ್ರು. ಆ ಮಾತು ಬಿಡೋಕೆ ಮನಸ್ಸಾಗಲಿಲ್ಲ.

ಆಮೇಲೆ ಪದ ಬರೆಯೋ ಕವಿ ಬಂದ್ರು. ಅವರಿಗೆ ನಾವು ಬರೀ ತನನ ಹಾಡಿ ತೋರಿಸೋದು, ಅದರ ಅಳತೆಗೆ ಅವರು ಪದ ಕೂರಿಸ್ತಾರೆ. ಆ ಖಾಲಿ ಜಾಗ ಕೇಳಿ ಅವರ ಮುಖ ಅರಳಿತು. "ಅಯ್ಯಾ, ಹುಡುಗಿಗೆ ಬಿಕ್ಕಳಿಕೆ ಬಂದಿದೆ ಕಣಯ್ಯಾ ಇಲ್ಲಿ" ಅಂದ್ರು. ರೂಮಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ನಕ್ಕಿದ್ದನ್ನ ಬರೆಯೋದು ಬೇಡ ಅಂದ್ಕೊಂಡಿದ್ದೆ. ಬರೆದಿದೀನಿ.

ಸುಡಲೈಮುತ್ತು


ನಡುವಪಟ್ಟಿ
5-3-1989

ಅಣ್ಣನಿಗೆ,

ನೀನೇ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಬೇರೆ ಯಾರು ಇದ್ದರು ಅಲ್ಲಿ? ನಿನ್ನ ಬಾಯಿಂದ ಬರಲಿ ಅಂತ ಕಾಯ್ತಿದ್ದೆ. ಬಂತು. ಬಂದ ಮೇಲೆ ಹಗುರಾಗುತ್ತೆ ಅಂದ್ಕೊಂಡಿದ್ದೆ, ಆಗಲಿಲ್ಲ.

ಈಗ ನನ್ನ ಸುದ್ದಿ ಕೇಳು. ಹೋದ ವಾರ ಮೇಲಿನ ಬೀದಿ ವೆಳ್ಳೈಯಮ್ಮ ಅಜ್ಜಿ ಹೋದಳು. ನನ್ನ ಕರೆದ್ರು. ಪೇಚಿ ಶುರು ಮಾಡಿದ್ರೆ ಕಲ್ಲೂ ಅಳುತ್ತೆ ಅಂತ ಊರಲ್ಲಿ ಮಾತಿದೆಯಲ್ಲ. ಹೋಗಿ ಕೂತೆ. ಮೊದಲ ಸಾಲು ಆಯ್ತು, ಎರಡನೇ ಸಾಲು ಆಯ್ತು. ಮೂರನೇ ಸಾಲಲ್ಲಿ ಅಜ್ಜಿ ಹೆಸರು ಹಿಡಿಯೋಕೆ ಬಾಯಿ ತೆಗೆದೆ. "ಯಾರು ನೆನೆಸಿಕೊಂಡರೇ" ಅಂತ ಬಂತು.

ನನ್ನ ಬಾಯಿಂದ ಅಣ್ಣ. ಹೆಣದ ಮುಂದೆ.

ಯಾರೂ ಜೋರಾಗಿ ನಗಲಿಲ್ಲ. ಒಬ್ಬಳು ತಲೆ ತಗ್ಗಿಸಿದ್ಲು, ಅವಳ ಭುಜ ಅಲುಗ್ತಾ ಇತ್ತು. ನಾನು ಎದ್ದು ಬಂದುಬಿಟ್ಟೆ. ಸಾವಿನ ಮನೆಯಿಂದ ನಡುವೆ ಎದ್ದು ಬಂದವಳು ಈ ಊರಲ್ಲಿ ನಾನೇ ಮೊದಲು. ಅಜ್ಜಿ ಮಗ ಈಗ ನನ್ನ ಕಂಡ್ರೆ ಮುಖ ತಿರುಗಿಸ್ತಾನೆ, ತಿರುಗಿಸಲಿ, ನ್ಯಾಯವೇ.

ಅವತ್ತಿನಿಂದ ಮನೇಲಿ ಗೋಡೆ ಕಡೆ ತಿರುಗಿ ಕೂತು ನೋಡ್ತೀನಿ. ಮೆಲ್ಲಗೆ ಶುರು ಮಾಡ್ತೀನಿ, ಆ ಜಾಗಕ್ಕೆ ಬರ್ತೀನಿ. ಅಲ್ಲಿ ನನ್ನ ಮಗಳು ಇಲ್ಲ. ಯಾವಳೋ ಸೊಂಟ ಕುಣಿಸ್ಕೊಂಡು ನಿಂತಿದ್ದಾಳೆ. ಅವಳನ್ನ ತಳ್ಳಿ ಹಿಂದೆ ನೋಡಿದ್ರೂ ಇಸಕ್ಕಿ ಸಿಗಲ್ಲ. ಸುಟ್ಟ ಮೇಲೆ ನನ್ನ ಹತ್ರ ಉಳಿದಿದ್ದು ಅದೊಂದೇ ಆಗಿತ್ತು. ಅವಳ ಫ್ರಾಕು ಕೂಡ ಅವಳ ಜೊತೆಗೇ ಹೋಯ್ತು, ನಿನಗೆ ಗೊತ್ತು.

28ಕ್ಕೆ ಇನ್ನು ಇಪ್ಪತ್ಮೂರು ದಿನ ಇದೆ. ನಾನು ಏನು ಹಿಡ್ಕೊಂಡು ಅಳಲಿ, ನೀನೇ ಹೇಳು.

ಪೇಚಿ


ವಡಪಳನಿ
19-3-1989

ಪೇಚಿ,

ನಿನ್ನ ಕಾಗದ ತಗೊಂಡು ನೇರವಾಗಿ ಸಾರ್ ಮನೆಗೆ ಹೋದೆ. ಎಲ್ಲ ಹೇಳಿದೆ. ಬೈದು ಓಡಿಸ್ತಾರೆ ಅಂದ್ಕೊಂಡಿದ್ದೆ. ಅವರು ಕುರ್ಚಿಯಿಂದ ಎದ್ದು ನನ್ನ ತಬ್ಬಿಕೊಂಡ್ರು.

"ಅಯ್ಯೋ ಮಂಕೇ, ಇದನ್ನ ಜನವರಿಯಲ್ಲೇ ಹೇಳೋದಲ್ವೇನೋ. ನಿಮ್ಮೂರ ಒಪ್ಪಾರಿ ಅಂದ್ರೆ ಮುಗೀತು. ಬ್ರೆಜಿಲ್ಲೂ ಇಲ್ಲ, ಗಿಜಿಲ್ಲೂ ಇಲ್ಲ."

"ಸಾರ್, ನಮ್ಮೂರದಲ್ಲ. ನನ್ನ ತಂಗೀದು."

"ಅದೇ ಕಣೋ, ಹೆಣ್ಣುಮಕ್ಕಳು ಹಾಡೋದು. ನಮ್ಮ ಮಣ್ಣಿನ ಹಾಡು."

ಮಾರನೇ ದಿನವೇ ಪತ್ರಿಕೆಯವರನ್ನ ಕರೆಸಿ ಕಾಫಿ, ವಡೆ ಕೊಟ್ಟು ಕೂರಿಸಿದ್ರು. ಸಾವಿರ ವರ್ಷದಿಂದ ತೆಂಕಣ ಸೀಮೆಯ ತಾಯಂದಿರು ಹಾಡಿಕೊಂಡು ಬಂದ ಹಾಡನ್ನ ನಾನು ಲೋಕಕ್ಕೆ ಕೊಟ್ಟೆ ಅಂದ್ರು. ನಾನು ಎದ್ದು ನಿಂತೆ. "ಸಾವಿರ ವರ್ಷ ಅಲ್ಲ, ಒಂದು ವರ್ಷ. ಮೂರನೇ ಸಾಲು ನನ್ನ ತಂಗಿ ಪೇಚಿಯಮ್ಮಾಳ್‌ದು. ಅವಳ ಮಗಳು ಇಸಕ್ಕಿ ಸತ್ತಾಗ" ಅಂದೆ.

ಕನ್ನಡಕ ಹಾಕಿದ್ದ ಒಬ್ಬರು ಕೇಳಿದ್ರು, "ಮೊದಲ ಎರಡು ಸಾಲು ಯಾರದ್ರೀ?"

"ಊರಿಂದು."

"ಹಾಗಾದ್ರೆ ಜನಪದ ಅಂತ ಬರ್ಕೊಳ್ತೀನಿ."

ಅಷ್ಟಕ್ಕೇ ಮುಗೀತು. ಇವತ್ತಿನ ಪೇಪರಲ್ಲಿ ಬಂದಿದೆ. ಮಣ್ಣಿನ ವಾಸನೆ ಅಂತ ಹಾಕಿದ್ದಾರೆ, ಸಾರ್ ಫೋಟೋ ದೊಡ್ಡದಾಗಿ ಇದೆ. ಯಾವುದೋ ಸಂಘದವರು ಅವರಿಗೆ ಶಾಲು ಹೊದಿಸ್ತಾರಂತೆ. ನಿನ್ನ ಹೆಸರಿಲ್ಲ, ಮಗುವಿನ ಹೆಸರಿಲ್ಲ. ಮಗು ಸತ್ತಿದ್ದು ಅಂತ ಕೂಡ ಇಲ್ಲ. ನಾನು ಸುಳ್ಳು ಹೇಳಿದಾಗ ಫೋಟೋ ಹಾಕಿದ್ರು, ನಿಜ ಹೇಳಿದಾಗ ಒಂದು ಸಾಲೂ ಹಾಕಲಿಲ್ಲ.

ಪತ್ರಿಕೆಯವರು ಬಂದುಹೋದ ದಿನದಿಂದಲೇ ನಾನು ಸಾರ್ ಹತ್ರ ಹೋಗೋದು ಬಿಟ್ಟೆ. ಅವರು ಕರೆಸಿಯೂ ಇಲ್ಲ. ನಿನ್ನ ಅತ್ತಿಗೆ ಮಾತು ಬಿಟ್ಟಿದ್ದಾಳೆ.

ಒಂದು ಕೇಳ್ತೀನಿ. ಹಾಡು ನಿನ್ನಲ್ಲಿ ಇಲ್ಲ ಅಂದೆ. ನನ್ನಲ್ಲಿ ಇದೆ. ನೀನು ಅವತ್ತು ಅತ್ತ ಹಾಗೇ, ಅದೇ ಕಾಲದಲ್ಲಿ, ಒಂದು ಎಳೆಯೂ ತಪ್ಪದೆ ಇದೆ. ನಾನು 27ಕ್ಕೆ ಬಸ್ಸು ಹತ್ತಿ ಬರ್ತೀನಿ. ನಿನ್ನ ಮುಂದೆ ಕೂತು ಹಾಡಿ ತೋರಿಸ್ತೀನಿ, ನೀನು ಹಿಂದೆ ಹೇಳ್ಕೋ. ಅಷ್ಟಾದ್ರೂ ಮಾಡೋಕೆ ಬಿಡು.

ನಿನ್ನ ಅಣ್ಣ,
ಸುಡಲೈಮುತ್ತು


ನಡುವಪಟ್ಟಿ
2-4-1989

ಅಣ್ಣನಿಗೆ,

ಬರಬೇಡ ಅಂತ ತಂತಿ ಕೊಟ್ಟಿದ್ದು ನಾನೇ. ನಿನ್ನ ಭಾವ ಹಾಗೆ ತಂತಿ ಕೊಡಬೇಡ ಅಂದ್ರು, ಏನೇ ಆಗಲಿ ಸೋದರಮಾವ ಅಂದ್ರು. ನಾನು ಕೇಳಲಿಲ್ಲ. ನನ್ನ ಅಳುವನ್ನ ನೀನು ನನಗೆ ಪಾಠ ಹೇಳೋದು ನನ್ನಿಂದ ನೋಡೋಕಾಗ್ತಿರಲಿಲ್ಲ. ನೀನು ಕೆಟ್ಟವನು ಅಂತಲ್ಲ.

28 ಆಯ್ತು. ಹೇಗಾಯ್ತು ಅಂತ ನಿನಗೆ ಹೇಳಬೇಕು, ಮಾವ ಅಲ್ವಾ.

ಅಂಗಳದಲ್ಲಿ ಇಪ್ಪತ್ತು ಇಪ್ಪತ್ತೈದು ಹೆಂಗಸರು ಕೂತಿದ್ರು. ಕಂಪನಿ ಹುಡುಗಿಯರೂ ಬಂದಿದ್ರು, ಬರಬೇಡಿ ಅಂತ ಹೇಗೆ ಹೇಳೋದು. ಎಲೆ ಮೇಲೆ ಅವಳಿಗಿಷ್ಟ ಅಂತ ಕಪ್ಪು ಬೆಲ್ಲ ಹಾಕಿದ ಕಡುಬು ಇಟ್ಟಿದ್ದೆ. ಎಲ್ಲರೂ ನನ್ನ ಬಾಯಿ ನೋಡ್ತಿದ್ರು. ವೆಳ್ಳೈಯಮ್ಮ ಅಜ್ಜಿ ಮನೇಲಿ ಆಗಿದ್ದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ, "ನಾನು ಹಾಡಲ್ಲ" ಅಂದೆ.

ಹಾಡದೆ ಮಾತಾಡಿದೆ. ಬಾವಿ ಹತ್ರ ನಿಂತು ಮಾತಾಡ್ತೀವಲ್ಲ, ಹಾಗೆ. ಇಸಕ್ಕಿ ಉಪ್ಪಿನ ಹರಳು ಕದ್ದು ತಿಂತಿದ್ದಿದ್ದು ಹೇಳಿದೆ. ನಮ್ಮ ಆಡಿಗೆ ತಾಸಿಲ್ದಾರ್ ಅಂತ ಹೆಸರಿಟ್ಟು, ತಾಸಿಲ್ದಾರ್, ಸೊಪ್ಪು ತಿನ್ನಿ ಅಂತ ಬಹುವಚನದಲ್ಲಿ ಕರೀತಿದ್ದಿದ್ದು ಹೇಳಿದೆ. ಎಡಗಾಲಿನ ಕಿರುಬೆರಳು ಸ್ವಲ್ಪ ಮಡಚಿತ್ತು ಅಂತ ಹೇಳಿದೆ. ಕಾಮಾಲೆ ಬಂದು ಮಲಗಿದ್ದಾಗ ಬಣ್ಣದ ಐಸು ಬೇಕು ಅಂದ್ಲು, ಜ್ವರ ಇದೆ ಬೇಡ ಅಂದೆ, ಸಂಜೆಗೆ ಹೋಗಿಬಿಟ್ಲು. ಕೊಟ್ಟಿದ್ರೂ ಹೋಗ್ತಿದ್ಲೋ ಏನೋ, ಕೊಡಬಹುದಿತ್ತು ಅಂತ ಹೇಳಿದೆ. ಇದನ್ನ ನಾನು ನಿನ್ನ ಭಾವನಿಗೂ ಹೇಳಿರಲಿಲ್ಲ. ಅವರು ದನದ ಕೊಟ್ಟಿಗೆ ಕಡೆ ಹೋಗಿ ನಿಂತುಬಿಟ್ರು.

ಯಾರೂ ನಗಲಿಲ್ಲ. ಚೆಲ್ಲತ್ತಾಯಿ ಮಗಳು ಮಂಡಿಗೆ ಮುಖ ಒತ್ತಿ ಅಳ್ತಿದ್ಲು. ಹಾಡಾದ್ರೆ ಎಲ್ಲಿ ಮುಗೀತು ಅಂತ ಗೊತ್ತಾಗುತ್ತೆ, ಎಲ್ಲರೂ ಮೂಗು ಸೀಟಿ ಏಳ್ತಾರೆ. ಇದು ಮುಗಿದಿದ್ದು ಯಾರಿಗೂ ಗೊತ್ತಾಗಲಿಲ್ಲ. ಬಿಸಿಲು ಬಂದು ಬೆನ್ನಿಗೆ ಬೀಳೋವರೆಗೂ ಹಾಗೇ ಕೂತಿದ್ರು.

ಹಾಡಿದ್ದರೆ ಎದೆ ಹಗುರಾಗ್ತಿತ್ತು. ಅದು ಆಗಲಿಲ್ಲ. ಇನ್ನು ಮೇಲೂ ಆಗಲ್ಲ ಅನ್ನಿಸುತ್ತೆ. ಇನ್ನು ಇಷ್ಟು ಭಾರ ಇಟ್ಕೊಂಡೇ ಓಡಾಡೋದು ಅಂತ ಮನಸ್ಸಿಗೆ ಹೇಳ್ಕೊಂಡಿದೀನಿ.

ಕೆಲಸ ಬಿಟ್ಟೆ ಅಂತ ಬರೆದಿದೀಯ. ಬಿಡಬೇಡ, ಅತ್ತಿಗೆ ಏನು ಮಾಡ್ತಾಳೆ. ಹೋಗಿ ಬರ್ಕೊಂಡು ಕೂತ್ಕೋ. ನಿನ್ನ ಮೇಲೆ ಕೋಪ ಇದೆ, ಅದು ಹೋಗಲ್ಲ. ಅಣ್ಣ ಅನ್ನೋದೂ ಹೋಗಲ್ಲ.

ಮುಂದಿನ ಪಂಗುನಿಗೆ ಬಾ. ಹೆದರಬೇಡ. ನನ್ನ ಹತ್ರ ಈಗ ನೀನು ತಗೊಂಡು ಹೋಗೋಂಥದ್ದು ಏನೂ ಇಲ್ಲ.

ನಿನ್ನ ತಂಗಿ,
ಪೇಚಿ